ಲಕ್ಷಾಂತರ ಜನ ಎಷ್ಟು ಓಡಾಡ್ತಾರೆ ಅಂತ ಅಳೆಯೋದು ಹೇಗೆ?

(ಒಂದು ಉಪನ್ಯಾಸದ ಬರಹ ರೂಪ. ಸ್ಲೈಡ್‌ಗಳನ್ನ ಬಿಟ್ಟಿದೀನಿ, ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದೀನಿ. ಮಾತಿನ ಧಾಟಿಯನ್ನ ತಿದ್ದೋಕೆ ಹೋಗಿಲ್ಲ.)

ಎಲ್ರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಮನಸ್ಸಲ್ಲೇ ಹೇಳ್ಕೊಳಿ. ಕಳೆದ ಏಳು ದಿನದಲ್ಲಿ ಎಷ್ಟು ದಿನ ನೀವು ಒಂದೇ ಸಮ ಹತ್ತು ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ ನಡೆದಿದೀರ? ಅಂಥ ಒಂದು ದಿನದಲ್ಲಿ ಒಟ್ಟು ಎಷ್ಟು ಹೊತ್ತು ನಡೆದಿದೀರ?

ಕಷ್ಟ ಅಲ್ವಾ. ಮೊನ್ನೆದು ನೆನಪಿರುತ್ತೆ, ಐದು ದಿನದ ಹಿಂದಿಂದು ಯಾರಿಗೆ ನೆನಪಿರುತ್ತೆ, ಹಾಗಾಗಿ ತಲೆ ಏನ್ ಮಾಡುತ್ತೆ ಅಂದ್ರೆ "ನಾನು ಸಾಮಾನ್ಯವಾಗಿ ಇಷ್ಟು ನಡೀತೀನಿ" ಅಂತ ಒಂದು ಅಂದಾಜು ಹಾಕಿ ಅದನ್ನೇ ಏಳರಿಂದ ಗುಣಿಸಿ ಕೊಟ್ಟುಬಿಡುತ್ತೆ, ಆ ಅಂದಾಜಿನಲ್ಲೂ ನಾವು ಹೇಗಿರಬೇಕು ಅಂತ ಆಸೆ ಪಡ್ತೀವೋ ಅದು ಸ್ವಲ್ಪ ಬೆರೆತಿರುತ್ತೆ. ನಾನು ಕೇಳಿದ್ದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ, ಐಪ್ಯಾಕ್ ಅಂತ ಒಂದು ಅಂತಾರಾಷ್ಟ್ರೀಯ ಪ್ರಶ್ನಾವಳಿ ಇದೆ, ಅದರಲ್ಲಿ ಇರೋದೇ ಹೆಚ್ಚುಕಮ್ಮಿ ಹೀಗೆ. ಜಗತ್ತಿನಲ್ಲಿ ಇಷ್ಟು ಶೇಕಡ ಜನ ಸಾಕಷ್ಟು ವ್ಯಾಯಾಮ ಮಾಡಲ್ಲ ಅಂತ ಪೇಪರ್‌ನಲ್ಲಿ ಹೆಡ್‌ಲೈನ್ ಬರುತ್ತಲ್ಲ, ಅದರ ಬುಡ ಹುಡುಕ್ಕೊಂಡು ಹೋದ್ರೆ ಸಿಗೋದು ಇಂಥ ಪ್ರಶ್ನೆಗೆ ಯಾರೋ ತಲೆ ಕೆರ್ಕೊಂಡು ಕೊಟ್ಟ ಉತ್ತರ.

ಇವತ್ತು ನಾನು ಹೇಳೋಕೆ ಬಂದಿರೋದು ಪ್ರಶ್ನಾವಳಿ ಕೆಟ್ಟದ್ದು, ಓಡಾಟ ಅಳೆಯೋಕೆ ಮೈಗೆ ಕಟ್ಟೋ ಮೆಷಿನ್ ಒಳ್ಳೇದು ಅಂತ ಅಲ್ಲ. ಹಾಗೆ ಹೇಳೋರು ಬೇಕಾದಷ್ಟು ಜನ ಇದಾರೆ. ಪ್ರಶ್ನಾವಳಿ ಮತ್ತು ಮೆಷಿನ್ ಬೇರೆ ಬೇರೆ ವಸ್ತುವನ್ನ ಅಳೀತವೆ, ಒಂದರಿಂದ ಹುಟ್ಟಿದ ನಂಬರ್ ಇಟ್ಕೊಂಡು ಇನ್ನೊಂದನ್ನ ತೂಗಿದ್ರೆ ಗೊಂದಲ ಗ್ಯಾರಂಟಿ, ಈ ಕ್ಷೇತ್ರದ ಅರ್ಧ ಜಗಳ ಇದೇ ಗೊಂದಲದ್ದು ಅನ್ನೋದು ನನ್ನ ಅಭಿಪ್ರಾಯ.

ಹಿಂದಕ್ಕೆ ಹೋಗೋಣ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಜೆರ್ರಿ ಮಾರಿಸ್ ಮತ್ತು ಅವರ ತಂಡ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಲಂಡನ್ನಿನ ಸಾರಿಗೆ ನೌಕರರು, 35ರಿಂದ 64 ವಯಸ್ಸಿನ ಸುಮಾರು 31,000 ಗಂಡಸರು. ಡಬಲ್ ಡೆಕರ್ ಬಸ್ಸಲ್ಲಿ ಡ್ರೈವರ್ ಶಿಫ್ಟ್ ಪೂರ್ತಿ ಕೂತೇ ಇರ್ತಾನೆ, ಕಂಡಕ್ಟರ್ ಟಿಕೆಟ್ ಕೊಡೋಕೆ ಮೇಲೆ ಕೆಳಗೆ ಹತ್ತಿ ಇಳೀತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಒಂದೇ ಸಂಸ್ಥೆ, ಒಂದೇ ಬಸ್, ಹೆಚ್ಚುಕಮ್ಮಿ ಒಂದೇ ಥರದ ಬದುಕು, ಆದ್ರೂ ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಮ್ಮಿ, ಬಂದ್ರೂ ತಡವಾಗಿ ಬರ್ತಿತ್ತು. ಅಂಚೆ ಇಲಾಖೆಯಲ್ಲೂ ಹಾಗೇ, ನಡೆದೋ ಸೈಕಲ್ ತುಳಿದೋ ಕಾಗದ ಹಂಚೋರಿಗೂ ಕೂತು ಕೆಲಸ ಮಾಡೋರಿಗೂ ಅದೇ ಥರದ ವ್ಯತ್ಯಾಸ ಕಂಡಿತು.

ಇಲ್ಲಿ ಗಮನಿಸಿ, ಮಾರಿಸ್ ಯಾರ ಚಟುವಟಿಕೆಯನ್ನೂ ಅಳೀಲಿಲ್ಲ. ಯಾರಿಗೂ ಏನೂ ಕಟ್ಟಲಿಲ್ಲ, ಯಾರನ್ನೂ "ವಾರಕ್ಕೆ ಎಷ್ಟು ನಿಮಿಷ" ಅಂತ ಕೇಳಲಿಲ್ಲ. ಅವರ ಅಳತೆ ಅಂದ್ರೆ ಕೆಲಸದ ಹೆಸರು, ಅಷ್ಟೇ. ಆದ್ರೂ ಅದು ಕೆಲಸ ಮಾಡ್ತು, ಯಾಕಂದ್ರೆ ಎರಡು ಗುಂಪಿನ ನಡುವಿನ ಅಂತರ ಅಷ್ಟು ದೊಡ್ಡದು, ಮತ್ತೆ ಇಬ್ಬರೂ ವರ್ಷಗಟ್ಟಲೆ ಅದೇ ಕೆಲಸ ಮಾಡಿದೋರು. ಒರಟು ಅಳತೆ, ಆದ್ರೆ ಸ್ಥಿರವಾದ ಅಳತೆ.

ಇದಕ್ಕೊಂದು ಬಾಲ ಇದೆ, ನನಗೆ ಮೂಲ ಕಥೆಗಿಂತ ಅದೇ ಇಷ್ಟ. 1956ರಲ್ಲಿ ಅದೇ ತಂಡ ಬಸ್ ನೌಕರರಿಗೆ ಹೊಲಿಸಿ ಕೊಟ್ಟ ಯೂನಿಫಾರ್ಮ್‌ಗಳ ದಾಖಲೆ ತೆಗೆದು ನೋಡಿತು, ಪ್ಯಾಂಟಿನ ಸೊಂಟದ ಅಳತೆ ಎಷ್ಟೆಷ್ಟು ಅಂತ. ಡ್ರೈವರ್‌ಗಳ ಸೊಂಟ ದಪ್ಪ, ಅದು ನಿರೀಕ್ಷೆ ಮಾಡಿದ್ದೇ, ಆದ್ರೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ದಪ್ಪ ಇತ್ತು! ಅಂದ್ರೆ ಸೀಟಲ್ಲಿ ಕೂತು ದಪ್ಪ ಆದ್ರು ಅಂತ ಮಾತ್ರ ಹೇಳೋಕಾಗಲ್ಲ, ದಪ್ಪ ಇರೋರು ಕೂರೋ ಕೆಲಸಕ್ಕೆ ಹೋಗಿದ್ರು ಅನ್ನೋದೂ ಅದರಲ್ಲಿದೆ. ತಮ್ಮದೇ ದೊಡ್ಡ ಫಲಿತಾಂಶದ ಮೇಲೆ ತಾವೇ ಹೀಗೆ ಅನುಮಾನ ಪಟ್ಟು, ಹುಡುಕಿ, ಪ್ರಕಟಣೆನೂ ಮಾಡೋದಿದೆಯಲ್ಲ, ಅದು ದೊಡ್ಡ ಗುಣ. ಯಾವುದು ಕಾರಣ, ಯಾವುದು ಪರಿಣಾಮ ಅನ್ನೋ ಈ ತಲೆನೋವು ಇವತ್ತಿಗೂ ಹೋಗಿಲ್ಲ. ಒಳಗೊಳಗೆ ಕಾಯಿಲೆ ಶುರು ಆದೋರು ಗೊತ್ತಿಲ್ದೇ ಓಡಾಟ ಕಮ್ಮಿ ಮಾಡಿರ್ತಾರೆ, ಆಮೇಲೆ ಸಾಯ್ತಾರೆ, ನಾವು ಓಡಾಡಲಿಲ್ಲ ಅದಕ್ಕೇ ಸತ್ರು ಅಂತ ಬರ್ಕೊತೀವಿ. ಅದಕ್ಕೇ ಈಗಿನ ಅಧ್ಯಯನಗಳಲ್ಲಿ ಮೊದಲ ಕೆಲವು ವರ್ಷಗಳಲ್ಲಿ ಆದ ಸಾವುಗಳನ್ನ ಬದಿಗಿಟ್ಟು ಮತ್ತೊಂದು ಸಲ ಲೆಕ್ಕ ಹಾಕ್ತಾರೆ. ಪೂರ್ತಿ ಪರಿಹಾರ ಅಲ್ಲ, ಆದ್ರೂ ಏನೂ ಮಾಡದೆ ಇರೋದಕ್ಕಿಂತ ಮೇಲು.

ಆಮೇಲೆ ಜನರ ಕೆಲಸಗಳು ಬದಲಾದ್ವು, ಎಲ್ರೂ ಕೂರೋರೇ ಆದ್ರು, ಕೆಲಸದ ಹೆಸರು ನೋಡಿ ವಿಂಗಡಿಸೋದು ಕಷ್ಟ ಆಯ್ತು. ಆಗ ಪ್ರಶ್ನಾವಳಿ ಬಂತು. ರಾಲ್ಫ್ ಪ್ಯಾಫೆನ್‌ಬಾರ್ಗರ್ ಅಂತ ಒಬ್ಬ ಅಮೆರಿಕನ್ ಸಂಶೋಧಕ, ಹಾರ್ವರ್ಡ್‌ನಲ್ಲಿ ಓದಿ ಹೋದ ಗಂಡಸರಿಗೆ 1960ರ ದಶಕದಲ್ಲಿ ಅಂಚೆ ಮೂಲಕ ಪ್ರಶ್ನೆ ಕಳಿಸಿದ್ರು. ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತೀರ, ಎಷ್ಟು ಬೀದಿ ದೂರ ನಡೀತೀರ, ಯಾವ ಆಟ ಆಡ್ತೀರ, ವಾರಕ್ಕೆ ಎಷ್ಟು ಗಂಟೆ. 16,936 ಜನರ ಉತ್ತರಗಳನ್ನ ಕ್ಯಾಲೊರಿಗೆ ಪರಿವರ್ತಿಸಿ, ವಾರಕ್ಕೆ 2,000 ಕಿಲೋಕ್ಯಾಲೊರಿಗಿಂತ ಕಮ್ಮಿ ಖರ್ಚು ಮಾಡೋರಿಗೆ ಹೃದಯಾಘಾತದ ಅಪಾಯ ಶೇಕಡ 64ರಷ್ಟು ಹೆಚ್ಚು ಅಂತ 1978ರಲ್ಲಿ ಬರೆದ್ರು. ಮೆಟ್ಟಿಲು ಮತ್ತು ಬೀದಿ ಅಂತ ಕೇಳಿದ್ದು ಜಾಣತನ. ನಿಮಿಷ ಕೇಳಿದ್ರೆ ಜನ ಊಹೆ ಮಾಡ್ತಾರೆ, ಮನೆಯಿಂದ ಆಫೀಸಿಗೆ ಎಷ್ಟು ಮೆಟ್ಟಿಲು ಅಂದ್ರೆ ಎಣಿಸಿ ಹೇಳ್ತಾರೆ.

ಈಗ ಈ ಉತ್ತರಗಳನ್ನ ಕ್ಯಾಲೊರಿ ಮಾಡೋದು ಹೇಗೆ ಅಂದ್ರೆ, ಮೆಟ್ ಅಂತ ಒಂದು ಘಟಕ ಇದೆ. ಸುಮ್ನೆ ಕೂತಿದ್ರೆ 1 ಮೆಟ್, ಅಂದ್ರೆ ದೇಹದ ಪ್ರತಿ ಕೆಜಿ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ, ಹೆಚ್ಚುಕಮ್ಮಿ ಗಂಟೆಗೆ ಕೆಜಿಗೆ ಒಂದು ಕಿಲೋಕ್ಯಾಲೊರಿ. ಬಾರ್ಬರಾ ಏನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಒಂದು ದೊಡ್ಡ ಪಟ್ಟಿ ಮಾಡಿದ್ರು, ಕಸ ಗುಡಿಸೋದರಿಂದ ಹಿಡಿದು ಕುಸ್ತಿವರೆಗೆ ಯಾವ ಕೆಲಸಕ್ಕೆ ಎಷ್ಟು ಮೆಟ್ ಅಂತ, ಅದನ್ನ ಇವತ್ತಿಗೂ ಪರಿಷ್ಕರಿಸ್ತಾ ಇದಾರೆ. ಐಪ್ಯಾಕ್‌ನಲ್ಲಿ ನಡಿಗೆಗೆ 3.3, ಮಧ್ಯಮ ಶ್ರಮಕ್ಕೆ 4, ಜೋರು ಶ್ರಮಕ್ಕೆ 8. ನಿಮಿಷಕ್ಕೆ ಗುಣಿಸು, ಕೂಡಿಸು, ಮುಗೀತು. 25 ವರ್ಷದವನಿಗೂ 75 ವರ್ಷದವರಿಗೂ ಅದೇ 4. ನಗಬೇಡಿ, ಲಕ್ಷಾಂತರ ಜನರ ಲೆಕ್ಕ ಹಾಕೋವಾಗ ಎಲ್ಲೋ ಒಂದು ಕಡೆ ಇಂಥ ಸರಳೀಕರಣ ಮಾಡ್ಲೇಬೇಕು.

ಐಪ್ಯಾಕ್ ಎಷ್ಟು ನಂಬಬಹುದು? 12 ದೇಶಗಳಲ್ಲಿ ಪರೀಕ್ಷೆ ಮಾಡಿ 2003ರಲ್ಲಿ ಫಲಿತಾಂಶ ಕೊಟ್ರು. ಅದೇ ಜನರನ್ನ ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿದ್ರೆ ಉತ್ತರ ಚೆನ್ನಾಗೇ ಹೊಂದುತ್ತೆ, ಸಹಸಂಬಂಧ 0.8ರ ಹತ್ತಿರ (1 ಅಂದ್ರೆ ಪೂರ್ತಿ ಹೊಂದಾಣಿಕೆ, 0 ಅಂದ್ರೆ ಸಂಬಂಧವೇ ಇಲ್ಲ). ಆದ್ರೆ ಸೊಂಟಕ್ಕೆ ಸೆನ್ಸರ್ ಕಟ್ಟಿ ಹೋಲಿಸಿದ್ರೆ 0.3. ಅಂದ್ರೆ ಜನ ತಮ್ಮ ಉತ್ತರಕ್ಕೆ ನಿಷ್ಠರಾಗಿದಾರೆ, ದೇಹಕ್ಕೆ ಅಷ್ಟಾಗಿ ಅಲ್ಲ. 0.3 ನೋಡಿ ತುಂಬ ಜನ ಪ್ರಶ್ನಾವಳಿನ ಕಸದ ಬುಟ್ಟಿಗೆ ಹಾಕಿ ಅಂದ್ರು. ನಾನು ಅಷ್ಟು ದೂರ ಹೋಗಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೆಷಿನ್ ಕಡೆ ಬರೋಣ. ಆಕ್ಸೆಲೆರೋಮೀಟರ್ ಅಂದ್ರೆ ಚಲನೆಯ ವೇಗ ಎಷ್ಟು ಬೇಗ ಬದಲಾಗ್ತಿದೆ ಅಂತ ಅಳೆಯೋ ಚಿಕ್ಕ ಸೆನ್ಸರ್, ನಿಮ್ಮ ಫೋನಲ್ಲೂ ಇದೆ. ದೊಡ್ಡ ಪ್ರಮಾಣದಲ್ಲಿ ಇದನ್ನ ಮೊದಲು ಬಳಸಿದ್ದು ಅಂದ್ರೆ ಅಮೆರಿಕದ ಎನ್‌ಹೇನ್ಸ್ ಅನ್ನೋ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ, 2003ರಿಂದ 2006ರವರೆಗೆ. ಎಚ್ಚರ ಇರೋ ಹೊತ್ತಲ್ಲೆಲ್ಲ ಸೊಂಟಕ್ಕೆ ಕಟ್ಕೊಂಡಿರಬೇಕು, ಮಲಗೋವಾಗ ಮತ್ತು ಸ್ನಾನಕ್ಕೆ ಬಿಚ್ಚಬೇಕು, ಏಳು ದಿನ. 2008ರಲ್ಲಿ ರಿಚರ್ಡ್ ಟ್ರೊಯಾನೋ ಮತ್ತು ಇತರರು ಇದರ ಫಲಿತಾಂಶ ಬರೆದಾಗ ಎಲ್ರೂ ಬೆಚ್ಚಿಬಿದ್ರು. ಪ್ರಶ್ನೆ ಕೇಳಿದಾಗ ಅಮೆರಿಕದ ವಯಸ್ಕರಲ್ಲಿ ಅರ್ಧದಷ್ಟು ಜನ ನಾವು ಶಿಫಾರಸಿನಷ್ಟು, ಅಂದ್ರೆ ವಾರಕ್ಕೆ ಸುಮಾರು 150 ನಿಮಿಷ ಮಧ್ಯಮ ಶ್ರಮದಷ್ಟು, ಚಟುವಟಿಕೆ ಮಾಡ್ತೀವಿ ಅಂದಿದ್ರು. ಮೆಷಿನ್ ಹೇಳಿದ್ದು ಶೇಕಡ 5ಕ್ಕಿಂತ ಕಮ್ಮಿ.

ಅರ್ಧ ಎಲ್ಲಿ, 5 ಎಲ್ಲಿ. ಜನ ಸುಳ್ಳು ಹೇಳ್ತಾರೆ ಅಂತ ಎಲ್ಲ ಕಡೆ ಸುದ್ದಿ ಆಯ್ತು. ಆದ್ರೆ ಆ 5 ಹೇಗೆ ಬಂತು ಅಂತ ಸ್ವಲ್ಪ ಬಿಚ್ಚಿ ನೋಡೋಣ, ಇಲ್ಲೇ ಮಜಾ ಇರೋದು.

ಆ ಸೆನ್ಸರ್ ಪ್ರತಿ ನಿಮಿಷಕ್ಕೆ ಒಂದು ಸಂಖ್ಯೆ ಕೊಡುತ್ತೆ, ಅದನ್ನ ಕೌಂಟ್ ಅಂತಾರೆ. ನಿಮಿಷಕ್ಕೆ ಎಷ್ಟು ಕೌಂಟ್ ಆದ್ರೆ ಮಧ್ಯಮ ಶ್ರಮ ಅಂತ ಕರೀಬೇಕು? ಯಾರೋ ಒಂದು ಗೆರೆ ಎಳೀಬೇಕು. ಟ್ರೊಯಾನೋ ತಂಡ ಹಲವು ಅಧ್ಯಯನಗಳ ಸರಾಸರಿ ತಗೊಂಡು 2,020 ಅಂತ ಇಟ್ಟಿತು. ಆ ಥರದ ಗೆರೆಗಳಲ್ಲಿ ಪ್ರಸಿದ್ಧವಾದದ್ದು 1998ರ ಫ್ರೀಡ್ಸನ್ ಗೆರೆ, 1,952. ಅದು ಬಂದಿದ್ದು 50 ಜನ ವಯಸ್ಕರನ್ನ ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ. 50 ಜನ, ಸಮತಟ್ಟಾದ ಟ್ರೆಡ್‌ಮಿಲ್! ಅಲ್ಲಿ ಎಳೆದ ಗೆರೆಯನ್ನ 80 ವರ್ಷದ ಅಜ್ಜಿಗೂ ಹಾಕಿದ್ರೆ, ಅಜ್ಜಿ ಏದುಸಿರು ಬಿಡ್ತಾ ನಡೆದದ್ದೂ ಮೆಷಿನ್ ಕಣ್ಣಿಗೆ ಲಘು ಚಟುವಟಿಕೆ. ಎರಡನೇದು, ಶಿಫಾರಸಿನಲ್ಲಿ ಆಗ "ಒಂದೇ ಸಮ ಹತ್ತು ನಿಮಿಷ" ಅನ್ನೋ ಷರತ್ತು ಇತ್ತು, ಹಾಗಾಗಿ ಒಂಬತ್ತು ನಿಮಿಷ ಬಿರುಸಾಗಿ ನಡೆದು ನಿಂತ್ರೆ ಲೆಕ್ಕಕ್ಕೇ ಇಲ್ಲ (ಒಂದೆರಡು ನಿಮಿಷ ಗೆರೆಯಿಂದ ಕೆಳಗಿಳಿದ್ರೆ ರಿಯಾಯಿತಿ ಇತ್ತು, ಇರಲಿ). ಮೂರನೇದು, ಸೊಂಟದ ಸೆನ್ಸರ್‌ಗೆ ಸೈಕಲ್ ತುಳಿಯೋದು ಕಾಣೋದೇ ಇಲ್ಲ ಅನ್ನಬಹುದು, ನೀರಿಗೆ ಇಳಿದ್ರೆ ಅದನ್ನ ಬಿಚ್ಚಿಟ್ಟಿರ್ತಾರೆ, ತಲೆ ಮೇಲೆ ಹೊರೆ ಹೊತ್ತು ನಡೆದ್ರೂ ಬರೀ ಕೈಲಿ ನಡೆದ್ರೂ ಅದಕ್ಕೆ ಒಂದೇ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ವಾರಕ್ಕೆ 150 ನಿಮಿಷ ಅನ್ನೋ ಶಿಫಾರಸು ಎಲ್ಲಿಂದ ಬಂತು? ಪ್ರಶ್ನಾವಳಿಯಿಂದ! ದಶಕಗಳ ಕಾಲ "ನಾನು ವಾರಕ್ಕೆ ಇಷ್ಟು ನಡೀತೀನಿ" ಅಂತ ಹೇಳಿದೋರನ್ನ ಹಿಂಬಾಲಿಸಿ, ಯಾರು ಸತ್ರು, ಯಾರು ಬದುಕಿದ್ರು ಅಂತ ನೋಡಿ ಕಂಡ್ಕೊಂಡಿದ್ದು. ಒಬ್ಬರು ಒಂದು ಗಂಟೆ ಜಿಮ್‌ಗೆ ಹೋಗಿದ್ದೆ ಅಂದಾಗ ಅದರಲ್ಲಿ ಬಟ್ಟೆ ಬದಲಾಯಿಸೋದು, ನೀರು ಕುಡಿಯೋದು, ಮೆಷಿನ್ ಖಾಲಿ ಆಗೋಕೆ ಕಾಯೋದು ಎಲ್ಲ ಸೇರಿರುತ್ತೆ, ಮೈ ನಿಜವಾಗಿ ದುಡಿದಿದ್ದು 25 ನಿಮಿಷ ಇರಬಹುದು. ಅಂದ್ರೆ ಆ 150 ಇದೆಯಲ್ಲ, ಅದು ಹೇಳಿಕೆಯ 150. ಅದನ್ನ ತಂದು ಮೆಷಿನ್ ಎಣಿಸಿದ ನಿಮಿಷದ ಪಕ್ಕ ಇಟ್ಟು "ನೋಡಿ ಯಾರೂ ಪಾಸ್ ಆಗಿಲ್ಲ" ಅಂದ್ರೆ ನ್ಯಾಯ ಅಲ್ಲ. ಅದೇ ಹತ್ತು ನಿಮಿಷದ ಷರತ್ತು ತೆಗೆದು, ಕೈಗೆ ಸೆನ್ಸರ್ ಕಟ್ಟಿ, ಚೂರುಪಾರು ನಿಮಿಷಗಳನ್ನೆಲ್ಲ ಕೂಡಿಸಿದ್ರೆ ಬಹುತೇಕ ಎಲ್ರೂ ಪಾಸ್ ಆಗಿಬಿಡೋ ಹಾಗೂ ಮಾಡಬಹುದು. ಜನ ಬದಲಾಗಿಲ್ಲ, ಗೆರೆ ಬದಲಾಯ್ತು. ವಿಶ್ವ ಆರೋಗ್ಯ ಸಂಸ್ಥೆ 2010ರ ಮಾರ್ಗಸೂಚಿಯಲ್ಲಿ ಹತ್ತು ನಿಮಿಷದ ಷರತ್ತು ಇಟ್ಟಿತ್ತು, 2020ರಲ್ಲಿ ತೆಗೆದುಹಾಕ್ತು, ಅದಕ್ಕೆ ಒಂದು ಮುಖ್ಯ ಕಾರಣವೇ ಈ ಸೆನ್ಸರ್ ಅಧ್ಯಯನಗಳು.

ಹಾಗಾದ್ರೆ ನಿಜವಾದ ಅಳತೆ ಯಾವುದು ಅಂತ ಕೇಳ್ತೀರ. ಶಕ್ತಿ ಖರ್ಚಿಗೆ ಒಂದು ಚಿನ್ನದಂಥ ವಿಧಾನ ಇದೆ. ಭಾರವಾದ ಹೈಡ್ರೋಜನ್ನೂ ಭಾರವಾದ ಆಕ್ಸಿಜನ್ನೂ ಇರೋ ನೀರು ಕುಡಿಸ್ತಾರೆ, ಒಂದೆರಡು ವಾರ ಮೂತ್ರದ ಸ್ಯಾಂಪಲ್ ತಗೋತಾರೆ. ಹೈಡ್ರೋಜನ್ ನೀರಾಗಿ ಮಾತ್ರ ಹೊರಗೆ ಹೋಗುತ್ತೆ, ಆಕ್ಸಿಜನ್ ನೀರಾಗಿನೂ ಹೋಗುತ್ತೆ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಆಗಿನೂ ಹೋಗುತ್ತೆ, ಎರಡರ ವ್ಯತ್ಯಾಸದಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ರು, ಅದರಿಂದ ಎಷ್ಟು ಕ್ಯಾಲೊರಿ ಸುಟ್ರು ಅಂತ ಗೊತ್ತಾಗುತ್ತೆ. ನೇಥನ್ ಲಿಫ್ಸನ್ 1950ರ ದಶಕದಲ್ಲಿ ಪ್ರಾಣಿಗಳಲ್ಲಿ ಶುರು ಮಾಡಿದ್ದು, 1980ರ ದಶಕದಲ್ಲಿ ಮನುಷ್ಯರಿಗೆ ಬಂತು. ತುಂಬ ನಿಖರ, ತುಂಬ ದುಬಾರಿ, ಲಕ್ಷ ಜನಕ್ಕೆ ಮಾಡೋ ಮಾತೇ ಇಲ್ಲ. ಮತ್ತೆ ಅದು ಕೊಡೋದು ಒಟ್ಟು ಮೊತ್ತ ಮಾತ್ರ, ಯಾವ ದಿನ ಓಡಿದ್ರು ಯಾವ ದಿನ ಮಲಗಿದ್ರು ಏನೂ ಗೊತ್ತಾಗಲ್ಲ.

ಇದರಿಂದ ಒಂದು ವಿಚಿತ್ರ ವಿಷಯನೂ ಹೊರಬಂತು. ಟಾಂಜಾನಿಯಾದ ಹಾಡ್ಜಾ ಜನ ಬೇಟೆ ಮತ್ತು ಗೆಡ್ಡೆ ಗೆಣಸು ಸಂಗ್ರಹದ ಮೇಲೆ ಬದುಕೋರು, ದಿನಾ ಬಹಳ ದೂರ ನಡೀತಾರೆ. ಹರ್ಮನ್ ಪಾಂಟ್ಜರ್ ತಂಡ 2012ರಲ್ಲಿ ಇವರ ಮೇಲೆ ಈ ನೀರಿನ ಪರೀಕ್ಷೆ ಮಾಡಿ ನೋಡಿದಾಗ, ದೇಹದ ಗಾತ್ರ ಲೆಕ್ಕಕ್ಕೆ ತಗೊಂಡ್ರೆ ದಿನದ ಒಟ್ಟು ಕ್ಯಾಲೊರಿ ಖರ್ಚು ಪಾಶ್ಚಾತ್ಯ ದೇಶಗಳವರಷ್ಟೇ ಇತ್ತು! ಇದಕ್ಕೆ ವಿವರಣೆ ಏನು ಅನ್ನೋ ವಾದ ಇನ್ನೂ ನಡೀತಿದೆ, ಅದಕ್ಕೆ ಕೈ ಹಾಕಲ್ಲ. ನಮ್ಮ ಮಟ್ಟಿಗೆ ಇಷ್ಟು ಸಾಕು: ಓಡಾಟ ಬೇರೆ, ಶಕ್ತಿ ಖರ್ಚು ಬೇರೆ. ಒಂದನ್ನ ಅಳೆದು ಇನ್ನೊಂದನ್ನ ಅಳೆದೆ ಅಂದ್ಕೋಬಾರದು.

ಈಗ ಯುಕೆ ಬಯೋಬ್ಯಾಂಕ್ ಅನ್ನೋ ಬ್ರಿಟನ್ನಿನ ದೊಡ್ಡ ಆರೋಗ್ಯ ಅಧ್ಯಯನಕ್ಕೆ ಬರ್ತೀನಿ. 2006ರಿಂದ 2010ರ ನಡುವೆ 40ರಿಂದ 69 ವಯಸ್ಸಿನ ಐದು ಲಕ್ಷ ಜನ ಸೇರಿದ್ರು. 2013ರಿಂದ 2015ರಲ್ಲಿ ಅವರಲ್ಲಿ ಲಕ್ಷಕ್ಕೂ ಹೆಚ್ಚು ಜನಕ್ಕೆ ಅಂಚೆಯಲ್ಲಿ ಒಂದು ಬ್ಯಾಂಡ್ ಕಳಿಸಿದ್ರು. ಕೈಗೆ ಕಟ್ಕೊಳಿ, ಏಳು ದಿನ ಬಿಚ್ಚಬೇಡಿ, ಸ್ನಾನಕ್ಕೂ ನಿದ್ದೆಗೂ ಸೇರಿ, ಆಮೇಲೆ ವಾಪಸ್ ಅಂಚೆಗೆ ಹಾಕಿ. ಅದರಲ್ಲಿ ಸ್ಕ್ರೀನ್ ಇಲ್ಲ, ಸ್ಟೆಪ್ ತೋರ್ಸಲ್ಲ, ಏನೂ ಹೇಳಲ್ಲ. ಇದು ಬೇಕಂತಲೇ, ಯಾಕಂದ್ರೆ ನಂಬರ್ ಕಂಡ್ರೆ ಜನ ಇನ್ನಷ್ಟು ನಡೀತಾರೆ, ಆಗ ನಾವು ಅಳೆಯೋದು ಅವರ ಮಾಮೂಲಿ ವಾರವನ್ನ ಅಲ್ಲ, ನಮ್ಮ ಬ್ಯಾಂಡಿನ ಪ್ರಭಾವವನ್ನ. ಸೊಂಟದಿಂದ ಕೈಗೆ ಬಂದದ್ದಕ್ಕೂ ಕಾರಣ ಸರಳ, ಸೊಂಟದ್ದನ್ನ ಬೆಳಿಗ್ಗೆ ಕಟ್ಕೊಳೋಕೆ ಮರೀತಾರೆ, ಕೈದು ಹಾಗೇ ಇರುತ್ತೆ. ಎನ್‌ಹೇನ್ಸ್ ಕೂಡ 2011ರಿಂದ ಕೈಗೇ ಬಂತು.

ಡೇಟಾ ಎಷ್ಟು ಅಂತ ಲೆಕ್ಕ ಹಾಕಿ. ಸೆಕೆಂಡಿಗೆ 100 ಸಲ, ಮೂರು ದಿಕ್ಕಿನಲ್ಲಿ. ಏಳು ದಿನಕ್ಕೆ ಒಂದು ದಿಕ್ಕಿಗೆ 6,04,80,000 ಸಂಖ್ಯೆ. ಮೂರು ದಿಕ್ಕು ಸೇರಿದ್ರೆ 18 ಕೋಟಿಗೂ ಹೆಚ್ಚು, ಇದು ಒಬ್ಬರದು. ಅಂಥ ಲಕ್ಷ ಜನ. ಅದೇ ಜನ ಸೇರುವಾಗ ಪ್ರಶ್ನಾವಳಿಗೆ ಕೊಟ್ಟ ಉತ್ತರ ಬೆರಳೆಣಿಕೆಯ ಸಂಖ್ಯೆಗಳಲ್ಲಿ ಮುಗಿದಿತ್ತು.

ಆದ್ರೆ ಇಷ್ಟೆಲ್ಲ ಕೋಟಿ ಸಂಖ್ಯೆ ಇದ್ರೂ ಅದರ ಅರ್ಥ ಏನು ಅಂತ ಯಾರಾದ್ರೂ ಹೇಳ್ಬೇಕಲ್ಲ. ಸರಳ ದಾರಿ ಒಂದಿದೆ. ಕೈ ಸುಮ್ನೆ ಇದ್ದಾಗಲೂ ಸೆನ್ಸರ್ ಭೂಮಿಯ ಗುರುತ್ವವನ್ನ ತೋರಿಸ್ತಿರುತ್ತೆ, ಅದನ್ನ ಕಳೆದು ಉಳಿದದ್ದರ ಸರಾಸರಿ ತಗೊಂಡ್ರೆ ಒಂದು ಸಂಖ್ಯೆ ಬರುತ್ತೆ, ಮಿಲಿ-ಜಿ ಅಂತ ಘಟಕ, ಅಂದ್ರೆ ಗುರುತ್ವದ ಸಾವಿರದಲ್ಲೊಂದು ಪಾಲು. ಬಯೋಬ್ಯಾಂಕ್‌ನಲ್ಲಿ ಇಡೀ ವಾರದ ಸರಾಸರಿ 28ರ ಆಸುಪಾಸು. ಪ್ರಾಮಾಣಿಕವಾದ ಸಂಖ್ಯೆ, ಯಾರ ಗೆರೆಯೂ ಇಲ್ಲ, ಆದ್ರೆ ಡಾಕ್ಟರ್ ಹತ್ರ ಹೋಗಿ "ನಂದು 28 ಮಿಲಿ-ಜಿ" ಅಂದ್ರೆ ಅವರು ಏನ್ ಮಾಡ್ತಾರೆ? ಇನ್ನೊಂದು ದಾರಿ, ಕಂಪ್ಯೂಟರ್‌ಗೆ ಕಲಿಸೋದು. ಆಕ್ಸ್‌ಫರ್ಡ್‌ನಲ್ಲಿ 151 ಜನಕ್ಕೆ ಅದೇ ಬ್ಯಾಂಡ್ ಕಟ್ಟಿ ಜೊತೆಗೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ ಹಾಕಿ ಕಳಿಸಿದ್ರು, ಲ್ಯಾಬ್ ಒಳಗೆ ಅಲ್ಲ, ಅವರವರ ಮಾಮೂಲಿ ದಿನಕ್ಕೆ. ಆಮೇಲೆ ಫೋಟೋಗಳನ್ನ ಕೂತು ನೋಡಿ, ಈ ಹೊತ್ತಲ್ಲಿ ಪಾತ್ರೆ ತೊಳೀತಿದ್ರು, ಈ ಹೊತ್ತಲ್ಲಿ ಸೈಕಲ್, ಈ ಹೊತ್ತಲ್ಲಿ ಕೂತಿದ್ರು ಅಂತ 2,500 ಗಂಟೆಗೂ ಹೆಚ್ಚು ಡೇಟಾಗೆ ಲೇಬಲ್ ಹಾಕಿದ್ರು. ಕ್ಯಾಪ್ಚರ್-24 ಅಂತ ಅದರ ಹೆಸರು. ಟ್ರೆಡ್‌ಮಿಲ್ ಮೇಲಿನ 50 ಜನಕ್ಕಿಂತ ಇದು ಎಷ್ಟೋ ವಾಸಿ, ಆದ್ರೂ 151 ಜನ ಒಂದೇ ಊರಿನ ಆಸುಪಾಸಿನವರು ಅನ್ನೋದನ್ನ ಮರೀಬಾರದು. ಹೊಲದಲ್ಲಿ ಕಳೆ ಕೀಳೋ ಕೈಯ ಚಲನೆ ಆ ಕಂಪ್ಯೂಟರ್‌ಗೆ ಏನು ಗೊತ್ತು?

ಒಂದು ಮಾತು ತಪ್ಪು ಅಳತೆ ಬಗ್ಗೆ. ರಬ್ಬರ್ ಟೇಪಲ್ಲಿ ಒಂದು ಗುಂಪಿನ ಎತ್ತರ ಅಳೆದ್ರೆ ಕೆಲವರದ್ದು ಹೆಚ್ಚು ಬರುತ್ತೆ, ಕೆಲವರದ್ದು ಕಮ್ಮಿ, ಆಗ ಎತ್ತರಕ್ಕೂ ತೂಕಕ್ಕೂ ಇರೋ ಸಂಬಂಧ ನಿಜವಾಗಿ ಇರೋದಕ್ಕಿಂತ ಸಡಿಲವಾಗಿ ಕಾಣುತ್ತೆ. ಪ್ರಶ್ನಾವಳಿಯಲ್ಲಿ ಆಗೋದು ಇದೇ. ಓಡಾಟಕ್ಕೂ ಆಯಸ್ಸಿಗೂ ಇರೋ ಸಂಬಂಧ ಮಸುಕಾಗುತ್ತೆ, ಮಾಯ ಆಗಲ್ಲ. 2019ರಲ್ಲಿ ಉಲ್ಫ್ ಎಕೆಲುಂಡ್ ಮತ್ತು ಇತರರು ಸೆನ್ಸರ್ ಬಳಸಿದ ಎಂಟು ಅಧ್ಯಯನಗಳ 36,383 ಜನರ ಡೇಟಾ ಒಟ್ಟುಗೂಡಿಸಿ ನೋಡಿದಾಗ, ಪ್ರಶ್ನಾವಳಿ ಅಧ್ಯಯನಗಳು ಹೇಳ್ತಿದ್ದದ್ದಕ್ಕಿಂತ ಬಲವಾದ ಸಂಬಂಧ ಸಿಕ್ತು. ಅಂದ್ರೆ ಅಷ್ಟು ವರ್ಷ ಪ್ರಶ್ನಾವಳಿ ಹೇಳಿದ ದಿಕ್ಕು ಸರಿ ಇತ್ತು, ಪ್ರಮಾಣ ಕಮ್ಮಿ ಹೇಳಿತ್ತು. 0.3 ಅನ್ನೋದು ಅಷ್ಟೊಂದು ನಿರುಪಯೋಗಿ ಅಲ್ಲ ಅಂತ ನಾನು ಆಗಲೇ ಹೇಳಿದ್ದು ಇದಕ್ಕೇ.

ಮತ್ತೆ ಮೆಷಿನ್‌ಗೆ ಯಾವತ್ತೂ ಗೊತ್ತಾಗದ ಒಂದು ವಿಷಯ ಇದೆ: ಯಾಕೆ. ಒಬ್ಬ ಮೂಟೆ ಹೊರ್ತಾನೆ ಹೊಟ್ಟೆಪಾಡಿಗೆ, ಇನ್ನೊಬ್ಬ ಜಿಮ್‌ನಲ್ಲಿ ಭಾರ ಎತ್ತುತ್ತಾನೆ ಖುಷಿಗೆ. ಬಿಡುವಿನ ವೇಳೆಯ ವ್ಯಾಯಾಮ ಆರೋಗ್ಯಕ್ಕೆ ಒಳ್ಳೇದು ಅಂತ ಅಧ್ಯಯನಗಳು ಒಂದೇ ದನಿಯಲ್ಲಿ ಹೇಳ್ತವೆ, ಕೆಲಸದ ಜಾಗದ ಭಾರೀ ದೈಹಿಕ ಶ್ರಮದ ವಿಷಯದಲ್ಲಿ ಹಾಗಿಲ್ಲ, ಕೆಲವು ಅಧ್ಯಯನಗಳಲ್ಲಿ ಉಲ್ಟಾನೇ ಬಂದಿದೆ. ಇದು ಶ್ರಮದ್ದೇ ಪರಿಣಾಮನಾ ಅಥವಾ ಅಂಥ ಕೆಲಸ ಮಾಡೋರ ಬಡತನದ್ದಾ ಅಂತ ಜಗಳ ಇದೆ. ಆದ್ರೆ ಆ ಪ್ರಶ್ನೆ ಎತ್ತೋಕೆ ಸಾಧ್ಯ ಆಗಿದ್ದೇ ಯಾರೋ ಕೇಳಿದ್ದರಿಂದ, ಇದು ಕೆಲಸಕ್ಕಾ, ಓಡಾಟಕ್ಕಾ, ಖುಷಿಗಾ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಜಿಪ್ಯಾಕ್ ಪ್ರಶ್ನಾವಳಿ 16 ಪ್ರಶ್ನೆಗಳಲ್ಲಿ ಮಾಡೋದು ಇದನ್ನೇ, ಕೆಲಸ, ಪ್ರಯಾಣ, ಬಿಡುವು ಅಂತ ಬೇರೆ ಬೇರೆ ಕೇಳುತ್ತೆ, ಮನೆಗೆಲಸವನ್ನೂ ಕೆಲಸ ಅಂತಲೇ ಲೆಕ್ಕ ಹಿಡಿಯುತ್ತೆ. ಬರೀ ಆಟ ಮತ್ತು ಜಾಗಿಂಗ್ ಬಗ್ಗೆ ಕೇಳೋ ಹಳೇ ಪ್ರಶ್ನಾವಳಿಗಳ ಪ್ರಕಾರ ದಿನವಿಡೀ ನೀರು ಸೌದೆ ಹೊರೋ ಹೆಂಗಸು "ನಿಷ್ಕ್ರಿಯ" ಆಗಿಬಿಡ್ತಿದ್ಲು ಅಂದ್ರೆ ನಂಬ್ತೀರಾ?

ಜಾಗತಿಕ ಲೆಕ್ಕ ಇವತ್ತಿಗೂ ನಿಂತಿರೋದು ಪ್ರಶ್ನಾವಳಿ ಮೇಲೇ. 2024ರಲ್ಲಿ ಬಂದ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇಕಡ 31ರಷ್ಟು ಜನ, ಅಂದ್ರೆ 180 ಕೋಟಿ ಜನ ಸಾಕಷ್ಟು ಚಟುವಟಿಕೆ ಮಾಡ್ತಿರಲಿಲ್ಲ, 2000ದಲ್ಲಿ ಇದು ಶೇಕಡ 23ರಷ್ಟಿತ್ತು. 31 ಅನ್ನೋ ಸಂಖ್ಯೆನ ಅಕ್ಷರಶಃ ನಂಬಬೇಕಾಗಿಲ್ಲ. ಆದ್ರೆ ಒಂದೇ ಥರದ ಪ್ರಶ್ನೆಗಳಿಗೆ ಕೊಟ್ಟ ಉತ್ತರ 23ರಿಂದ 31ಕ್ಕೆ ಏರಿದೆ ಅಂದ್ರೆ ಏನೋ ಬದಲಾಗಿದೆ, ಅದನ್ನ ತಳ್ಳಿಹಾಕೋಕೆ ಆಗಲ್ಲ.

ಎರಡನ್ನೂ ಸೇರಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ 2022ರದ್ದು. ಇಮ್ಯಾನುಯೆಲ್ ಸ್ಟಾಮಟಾಕಿಸ್ ತಂಡ ಬಯೋಬ್ಯಾಂಕ್‌ನಿಂದ "ನಾವು ಬಿಡುವಿನಲ್ಲಿ ಯಾವ ವ್ಯಾಯಾಮನೂ ಮಾಡಲ್ಲ" ಅಂದಿದ್ದ 25,241 ಜನರನ್ನ ಆರಿಸ್ಕೊಂಡು ಅವರ ಬ್ಯಾಂಡಿನ ಡೇಟಾ ನೋಡಿತು. ಇವರಲ್ಲಿ ಬಹಳ ಜನ ದಿನದಲ್ಲಿ ಆಗಾಗ ಒಂದೆರಡು ನಿಮಿಷ ಜೋರಾಗಿ ಶ್ರಮ ಪಡ್ತಿದ್ರು, ಬಸ್ ಹಿಡಿಯೋಕೆ ಓಡೋದು, ದಡದಡ ಮೆಟ್ಟಿಲು ಹತ್ತೋದು, ಆ ಥರದ್ದು. ಅಂಥದ್ದು ದಿನಕ್ಕೆ ಮೂರು ಸಲ ಇದ್ದೋರಿಗೆ, ಒಂದೂ ಇಲ್ಲದೋರಿಗೆ ಹೋಲಿಸಿದ್ರೆ, ಮುಂದಿನ ಸುಮಾರು ಏಳು ವರ್ಷದಲ್ಲಿ ಸಾವಿನ ಅಪಾಯ ಶೇಕಡ 38ರಿಂದ 40ರಷ್ಟು ಕಮ್ಮಿ. ಈ ಒಂದೆರಡು ನಿಮಿಷ ಯಾರಿಗೂ ನೆನಪಿರಲ್ಲ, ಹಾಗಾಗಿ ಪ್ರಶ್ನಾವಳಿಗೆ ಯಾವತ್ತೂ ಸಿಗ್ತಿರಲಿಲ್ಲ. ಇವರು ವ್ಯಾಯಾಮ ಮಾಡದೋರು ಅನ್ನೋದು ಬ್ಯಾಂಡಿಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಇದೂ ವೀಕ್ಷಣೆಯ ಅಧ್ಯಯನವೇ, ಆರೋಗ್ಯವಂತರಿಗೆ ಓಡೋಕೆ ಆಗುತ್ತೆ ಅನ್ನೋ ಹಳೇ ಯೂನಿಫಾರ್ಮ್ ಸಮಸ್ಯೆ ಇಲ್ಲೂ ಇದೆ, ಹಾಗಾಗಿ 40ನ್ನ ತಗೊಂಡು ಹೋಗಿ ಗೋಡೆ ಮೇಲೆ ಬರೀಬೇಡಿ.

ಪ್ರಶ್ನೋತ್ತರದಲ್ಲಿ ಬಂದಿದ್ದು ಒಂದಿಷ್ಟು.

ಹತ್ತು ಸಾವಿರ ಹೆಜ್ಜೆ ಎಲ್ಲಿಂದ ಬಂತು ಅಂತ ಒಬ್ರು ಕೇಳಿದ್ರು. ಜಪಾನಿನಲ್ಲಿ 1965ರ ಹೊತ್ತಿಗೆ ಮಾರಾಟಕ್ಕೆ ಬಂದ ಒಂದು ಪೆಡೋಮೀಟರ್, ಅಂದ್ರೆ ಹೆಜ್ಜೆ ಎಣಿಸೋ ಸಾಧನ, ಅದರ ಹೆಸರಲ್ಲೇ ಹತ್ತು ಸಾವಿರ ಇತ್ತು, ಅಲ್ಲಿಂದ ಹಬ್ಬಿದ್ದು, ಆಗ ಸಾವು ಕಾಯಿಲೆ ಲೆಕ್ಕ ಹಾಕಿ ತೆಗೆದ ಸಂಖ್ಯೆ ಅಲ್ಲ. 2019ರಲ್ಲಿ ಐ-ಮಿನ್ ಲೀ ತಂಡ 16,741 ವಯಸ್ಸಾದ ಅಮೆರಿಕನ್ ಮಹಿಳೆಯರ ಸೆನ್ಸರ್ ಡೇಟಾ ನೋಡಿದಾಗ ದಿನಕ್ಕೆ 4,400 ಹೆಜ್ಜೆ ಹಾಕೋರಿಗೇ 2,700 ಹಾಕೋರಿಗಿಂತ ಸಾವಿನ ಪ್ರಮಾಣ ಸಾಕಷ್ಟು ಕಮ್ಮಿ ಇತ್ತು, ಸುಮಾರು 7,500 ಆದ್ಮೇಲೆ ಹೆಜ್ಜೆ ಹೆಚ್ಚಾದ್ರೂ ಅದು ಮತ್ತೆ ಕಮ್ಮಿ ಆಗ್ತಿರಲಿಲ್ಲ.

ಈಗ ಎಲ್ರ ಹತ್ರ ಸ್ಮಾರ್ಟ್‌ವಾಚ್ ಇದೆಯಲ್ಲ, ಅದರ ಡೇಟಾನೇ ತಗೊಂಡ್ರೆ ಆಗಲ್ವಾ ಅಂತ ಇನ್ನೊಬ್ರು. ಎಲ್ರ ಹತ್ರ ಇಲ್ಲ, ಅದೇ ಮೊದಲ ಸಮಸ್ಯೆ. 2017ರಲ್ಲಿ 111 ದೇಶಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಫೋನ್ ಹೆಜ್ಜೆಗಳ ಅಧ್ಯಯನ ನೇಚರ್‌ನಲ್ಲಿ ಬಂತು, ಅದ್ಭುತ ಕೆಲಸ, ಆದ್ರೆ ಅದು ಫೋನ್ ಇರೋರ, ಆ ಆ್ಯಪ್ ಹಾಕ್ಕೊಂಡೋರ, ಫೋನ್ ಮೈಮೇಲೆ ಇದ್ದ ಹೊತ್ತಿನ ಕಥೆ. ಯುಕೆ ಬಯೋಬ್ಯಾಂಕ್‌ನಲ್ಲೂ ಆಹ್ವಾನ ಹೋದೋರಲ್ಲಿ ಸೇರಿದ್ದು ಶೇಕಡ 5.5 ಮಾತ್ರ, ಸೇರಿದೋರು ಉಳಿದೋರಿಗಿಂತ ಆರೋಗ್ಯವಂತರು. ಎರಡನೇ ಸಮಸ್ಯೆ, ವಾಚ್ ಕಂಪನಿಗಳು ಲೆಕ್ಕ ಹಾಕೋ ವಿಧಾನನ ಬಿಟ್ಟುಕೊಡಲ್ಲ, ರಾತ್ರೋರಾತ್ರಿ ಅಪ್‌ಡೇಟ್ ಬಂದು ನಿಮ್ಮ ಹೆಜ್ಜೆ ಹೆಚ್ಚಾಯ್ತು ಅಂದ್ರೆ ನೀವು ಹೆಚ್ಚು ನಡೆದ್ರಾ, ಸಾಫ್ಟ್‌ವೇರ್ ನಡೀತಾ?

ಕೊನೇ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: ಸರ್, ದುಡ್ಡು ಕಮ್ಮಿ ಇದೆ, ಹತ್ತು ಸಾವಿರ ಜನರ ಸಮೀಕ್ಷೆ ಮಾಡ್ಬೇಕು, ಏನ್ ಮಾಡ್ಲಿ? ನಾನು ಹೇಳಿದ್ದು, ಹತ್ತು ಸಾವಿರಕ್ಕೂ ಪ್ರಶ್ನಾವಳಿ ಕೇಳಮ್ಮ, ಅದರಲ್ಲಿ ಚೀಟಿ ಎತ್ತಿದ ಹಾಗೆ ಒಂದು ಐನೂರು ಜನರನ್ನ ಆರಿಸಿ ಸೆನ್ಸರ್ ಕಟ್ಟು, ಎರಡರ ನಡುವಿನ ಅಂತರ ಎಷ್ಟು ಅಂತ ಆ ಐನೂರರಿಂದ ತಿಳ್ಕೊಂಡು ಉಳಿದೋರ ಉತ್ತರನ ತಿದ್ದು. ಆ ಐನೂರರಲ್ಲಿ ಒಂದಷ್ಟು ಜನಕ್ಕೆ ಬೇರೆ ಋತುವಿನಲ್ಲಿ ಇನ್ನೊಂದ್ಸಲ ಕಟ್ಟು, ಬಯೋಬ್ಯಾಂಕ್‌ನೋರೂ ಹಾಗೇ ಮಾಡಿದಾರೆ, ಯಾಕಂದ್ರೆ ಒಂದು ವಾರ ನೋಡಿ ಒಬ್ಬರ ವರ್ಷ ಹೇಳೋಕಾಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕಚ್ಚಾ ಡೇಟಾನ ಅಳಿಸಬೇಡ, ಹಾರ್ಡ್‌ಡಿಸ್ಕ್ ಎಷ್ಟೇ ತುಂಬಲಿ. 2003ರ ಎನ್‌ಹೇನ್ಸ್ ಸೆನ್ಸರ್‌ನಲ್ಲಿ ಮೆಮೊರಿ ಕಮ್ಮಿ ಇತ್ತು, ನಿಮಿಷಕ್ಕೊಂದು ಕೌಂಟ್ ಮಾತ್ರ ಉಳಿಸ್ಕೊಂಡು ಮಿಕ್ಕಿದ್ದು ಹೋಯ್ತು, ಹಾಗಾಗಿ ಆ ಸಾವಿರಾರು ಜನ ಆ ನಿಮಿಷದಲ್ಲಿ ಸೈಕಲ್ ತುಳೀತಿದ್ರಾ, ಸುಮ್ನೆ ನಿಂತಿದ್ರಾ ಅಂತ ಈಗಿನ ಎಷ್ಟೇ ಒಳ್ಳೇ ಪ್ರೋಗ್ರಾಮ್ ತಂದ್ರೂ ಹೇಳೋಕಾಗಲ್ಲ.